ಸುದ್ದಿ ಬಿಟ್ಟ ಒಂಬತ್ತು ತಿಂಗಳು

ನಮ್ಮ ಮನೆಯಲ್ಲಿ ಸುದ್ದಿ ಹೇಳುವುದು ಮೊದಲಿನಿಂದಲೂ ನನ್ನ ಕೆಲಸ. ಏಳನೇ ಕ್ಲಾಸಿನಲ್ಲಿದ್ದಾಗ ಸಂಜೆ ಸ್ಕೂಲಿನಿಂದ ಬರುವಾಗ ಊರ ಬಾಗಿಲಿನ ಅಂಗಡಿಯಲ್ಲಿ ಅವತ್ತಿನ ಪೇಪರ್ ಕೇಳಿ ತಂದು, ಜಗುಲಿ ಮೇಲೆ ಕೂತು ಅಪ್ಪನಿಗೆ ಓದಿ ಹೇಳುತ್ತಿದ್ದೆ. ಅಪ್ಪನಿಗೆ ಅಕ್ಷರ ಬರುತ್ತದೆ, ಆದರೆ ಒಂದು ಪುಟ ಕೂಡಿಸಿ ಓದುವಷ್ಟು ತಾಳ್ಮೆ ಇಲ್ಲ. ರೇಡಿಯೊದಲ್ಲಿ ಪ್ರದೇಶ ಸಮಾಚಾರ ಮತ್ತು ಪೇಟೆ ಧಾರಣೆ, ಇವೆರಡನ್ನು ತಾನೇ ಕೇಳಿಕೊಳ್ಳುತ್ತಿದ್ದ. ಮಿಕ್ಕಿದ್ದೆಲ್ಲ ನನ್ನ ಬಾಯಿಂದಲೇ ಬರಬೇಕಿತ್ತು. ಓದಿ ಮುಗಿಸಿದ ಮೇಲೆ "ಹೂಂ, ಅದರಿಂದ ನಮಗೇನು?" ಅಂತ ಕೇಳುತ್ತಿದ್ದ. ಅದೇನು ಕೊಂಕಲ್ಲ. ನಿಜವಾಗಿಯೂ ತಿಳಿಯಬೇಕು ಅಂತಲೇ ಕೇಳುತ್ತಿದ್ದ.

ತಿಪಟೂರಿನಿಂದ ಹತ್ತು ಹನ್ನೆರಡು ಕಿಲೋಮೀಟರ್ ಒಳಗೆ ನಮ್ಮ ಊರು. ಎರಡೂವರೆ ಎಕರೆ ತೆಂಗಿನ ತೋಟ, ಒಂದು ಬೋರು, ಮನೆಯ ಹಿಂದೆ ಕಾಯಿ ಹಾಕುವ ಅಟ್ಟ. ನಾನು ಬೆಂಗಳೂರಿಗೆ ಬಂದು ಒಂದು ಕಂಪನಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ ಮೇಲೂ ಈ ಸುದ್ದಿ ಹೇಳುವ ಕೆಲಸ ಹಾಗೇ ಮುಂದುವರಿಯಿತು. ವಾರಕ್ಕೆ ಎರಡು ಮೂರು ಸಲ ಫೋನು. ಊಟ ಆಯ್ತಾ, ಮಳೆ ಬಂತಾ, ಆಮೇಲೆ ರಾಜಕೀಯ.

ಅದು ಯಾವಾಗ ಚಟವಾಯಿತು ಅಂತ ಖಚಿತವಾಗಿ ಹೇಳಲಾರೆ. 2018ರ ಮೇ ಇರಬೇಕು. ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. 17ರಂದು ಯಡಿಯೂರಪ್ಪನವರ ಪ್ರಮಾಣವಚನ, 19ಕ್ಕೆ ರಾಜೀನಾಮೆ, 23ಕ್ಕೆ ಕುಮಾರಸ್ವಾಮಿಯವರ ಪ್ರಮಾಣವಚನ. ಆ ಒಂದು ವಾರ ನಾನು ಟಿವಿ ಮುಂದಿನಿಂದ ಏಳಲಿಲ್ಲ. ಅದಾಗಿ ಒಂದು ವರ್ಷಕ್ಕೆ ರೆಸಾರ್ಟು, ರಾಜೀನಾಮೆ, ಸುಪ್ರೀಂ ಕೋರ್ಟು. 2019ರ ಜುಲೈ 23ರ ಸಂಜೆ 99ಕ್ಕೆ 105 ಮತಗಳಿಂದ ಸರ್ಕಾರ ಬಿದ್ದಾಗ ನಾನು ಆಫೀಸಿನ ಮೆಟ್ಟಿಲ ಮೇಲೆ ಫೋನು ಹಿಡಿದು ಕೂತಿದ್ದೆ. ತಿಂಗಳ ಕೊನೆಯ ಲೆಕ್ಕ ಮೇಜಿನ ಮೇಲೆ ಹಾಗೇ ಬಿದ್ದಿತ್ತು. ಅನರ್ಹರಾದ 17 ಶಾಸಕರ ಹೆಸರು, ಕ್ಷೇತ್ರ, ಹಿಂದಿನ ಪಕ್ಷ, ಮುಂದಿನ ಪಕ್ಷ ಎಲ್ಲ ನನಗೆ ಬಾಯಿಪಾಠ. ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಿದ್ದೆ. ಬೆಳಗ್ಗೆ ಕಣ್ಣು ಬಿಡುವ ಮೊದಲು ಕೈ ಫೋನಿಗೆ ಹೋಗುತ್ತಿತ್ತು. ರಾತ್ರಿ ಎರಡಕ್ಕೆ ಎಚ್ಚರವಾದರೆ ಏನಾಯಿತೋ ನೋಡೋಣ ಅಂತ ಮತ್ತೆ ಅದೇ. ಹೆಂಡತಿ ಮಗ್ಗುಲು ಬದಲಿಸುವುದು ಕಾಣುತ್ತಿತ್ತು. ಬೆಳಕು ಕಮ್ಮಿ ಮಾಡಿ ನೋಡುತ್ತಿದ್ದೆ, ಅಷ್ಟೇ.

2023ರ ಮೇ 13, ಶನಿವಾರ. ಮತ ಎಣಿಕೆ. ಕಾಂಗ್ರೆಸ್‌ಗೆ 135, ಬಿಜೆಪಿಗೆ 66, ಜೆಡಿಎಸ್‌ಗೆ 19. ನಮ್ಮ ತಿಪಟೂರಿನಲ್ಲಿ ಆಗಿನ ಶಿಕ್ಷಣ ಸಚಿವರೇ ಸೋತಿದ್ದರು. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಬೆಳಗ್ಗೆ ಎಂಟರಿಂದಲೇ ಶುರುವಾಯಿತು. ಅಕ್ಕನನ್ನು ಅರಸೀಕೆರೆ ಕಡೆಗೆ ಕೊಟ್ಟಿದ್ದಾರೆ. ಭಾವನಿಗೂ ನನಗೂ ಪಕ್ಷದ ವಿಷಯದಲ್ಲಿ ಮೊದಲಿನಿಂದ ಆಗದು. ಯಾರು ಯಾವ ಕಡೆ ಅನ್ನುವುದು ಇಲ್ಲಿ ಬೇಡ, ಎರಡೂ ಕಡೆಯ ಮನೆಗಳಲ್ಲಿ ಇದೇ ನಡೆದಿದೆ. ಅವರು ಒಂದು ಹಾಕಿದರೆ ನಾನು ಎರಡು ಹಾಕುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಅಂಕಿ ಅಂಶದ ಮಾತು ಮುಗಿದು ಮನುಷ್ಯರ ಮಾತು ಬಂತು. "ನಿಮ್ಮಂಥವರಿಂದಲೇ ಈ ರಾಜ್ಯ ಹಾಳಾಗಿದ್ದು" ಅಂತ ಬರೆದು ಕಳಿಸಿಬಿಟ್ಟೆ. ಅವರು ಆಮೇಲೆ ಏನೂ ಬರೆಯಲಿಲ್ಲ.

ನಾನು ಬಿ.ಕಾಂ ಓದುವಾಗ ಎರಡು ವರ್ಷ ನನ್ನ ಫೀಸು ಕಟ್ಟಿದ್ದು ಆ ಭಾವ. ಒಂದು ವರ್ಷವಂತೂ ಇನ್ನೂ ಒಣಗದ ಕಾಯನ್ನೇ ಹಸಿಯಾಗಿ ಮಾರಿ ಕಟ್ಟಿದ್ದರು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬರೆದೆ.

ಮಾರನೆಯ ವಾರ ಊರ ಹಬ್ಬಕ್ಕೆ ಅಕ್ಕ ಒಬ್ಬಳೇ ಬಂದಳು. ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಾ "ಅವರು ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ ಕಣೋ" ಅಂದಳು. ಬೈಯಲಿಲ್ಲ. ಬೈದಿದ್ದರೆ ಏನಾದರೂ ಹೇಳಬಹುದಿತ್ತು. ಒಳಗೆ ಟಿವಿಯಲ್ಲಿ ಹೊಸ ಮುಖ್ಯಮಂತ್ರಿ, ಉಪಮುಖ್ಯಮಂತ್ರಿಯ ಪ್ರಮಾಣವಚನ ನಡೆಯುತ್ತಿತ್ತು. ಮೇ 20. ವಾರವಿಡೀ ಇದೇ ಗಳಿಗೆಗೆ ಕಾದವನು ನಾನು. ಎದ್ದು ಹೋಗಿ ಅದನ್ನು ಆರಿಸಿದೆ.

ಬಿಡಬೇಕು ಅಂತ ತೀರ್ಮಾನ ಮಾಡುವುದು ಸುಲಭ. ಹೇಗೆ ಅನ್ನುವುದು ಗೊತ್ತಿರಲಿಲ್ಲ. ಮೊದಲು ಫೋನಿನಿಂದ ಸುದ್ದಿಯ ಆ್ಯಪ್‌ಗಳನ್ನೆಲ್ಲ ತೆಗೆದೆ. ಯೂಟ್ಯೂಬ್ ತೆಗೆಯಲಾಗಲಿಲ್ಲ, ಮಗಳ ಪಾಠಕ್ಕೆ ಬೇಕಿತ್ತು. ಅದರಲ್ಲಿ ಬರುವ ಸುದ್ದಿ ಚಾನೆಲ್‌ಗಳನ್ನು ಒಂದೊಂದಾಗಿ ಬೇಡ ಅಂತ ಒತ್ತುತ್ತಾ ಹೋದೆ. ಕೇಬಲ್‌ನವನಿಗೆ ಹೇಳಿ ಸುದ್ದಿ ಚಾನೆಲ್ ಇಲ್ಲದ ಪ್ಯಾಕ್ ಹಾಕಿಸಿದೆ. ರಾಜಕೀಯದ ಗುಂಪುಗಳಿಂದ ಹೊರಬಂದೆ. ಮನೆಯವರ ಗುಂಪಿನಿಂದ ಹೊರಬರುವ ಧೈರ್ಯ ಬರಲಿಲ್ಲ, ಅದನ್ನು ಸದ್ದು ಮಾಡದ ಹಾಗೆ ಇಟ್ಟೆ. ಆಫೀಸಿನಲ್ಲಿ ಮಧ್ಯಾಹ್ನದ ಊಟಕ್ಕೆ ನಾವು ನಾಲ್ಕು ಜನ ಒಂದೇ ಮೇಜಿಗೆ ಕೂರುವವರು. "ಇನ್ನು ಸ್ವಲ್ಪ ದಿನ ನನ್ನ ಹತ್ರ ರಾಜಕೀಯ ಬೇಡ" ಅಂದೆ. ಒಬ್ಬ "ಯಾಕೆ ಸಾರ್, ಹುಷಾರಿಲ್ವಾ?" ಅಂತ ಕೇಳಿದ. ಹೌದು ಅಂದೆ. ಆ ಉತ್ತರ ನಿಜವಾಗಿತ್ತು.

ಫೋನಿನಲ್ಲಿ ಆ ಆ್ಯಪ್ ಇದ್ದ ಜಾಗಕ್ಕೆ ಕ್ಯಾಲ್ಕುಲೇಟರ್ ಬಂದು ಕೂತಿತ್ತು. ಮೊದಲ ಹತ್ತು ಹನ್ನೆರಡು ದಿನ ಹೆಬ್ಬೆರಳು ತಾನಾಗಿ ಅಲ್ಲಿಗೆ ಹೋಗಿ ಒತ್ತುತ್ತಿತ್ತು. ಸಿಗ್ನಲ್‌ನಲ್ಲಿ, ಲಿಫ್ಟ್‌ನಲ್ಲಿ, ಹಾಲು ಕಾಯಿಸುವಾಗ, ಖಾಲಿ ಕ್ಯಾಲ್ಕುಲೇಟರ್ ತೆರೆದುಕೊಂಡು ಸೊನ್ನೆ ತೋರಿಸುತ್ತಿತ್ತು. ದಿನಕ್ಕೆ ಎಷ್ಟು ಸಲ ಅಂತ ಒಂದು ದಿನ ಎಣಿಸಿದೆ. ಸಂಜೆಯ ಹೊತ್ತಿಗೆ ನಲವತ್ತು ದಾಟಿತ್ತು. ಒಂದು ಸಲಕ್ಕೆ ಮೂರು ನಿಮಿಷ ಅಂದರೂ ದಿನಕ್ಕೆ ಎರಡು ಗಂಟೆ. ಲೆಕ್ಕ ಬರೆಯುವವನಾಗಿ ಈ ಲೆಕ್ಕವನ್ನು ನಾನು ಯಾವತ್ತೂ ಬರೆದಿರಲಿಲ್ಲ.

ಮೂರನೇ ವಾರದ ಹೊತ್ತಿಗೆ ನಿದ್ದೆ ಬಂತು. ನಿದ್ದೆ ಅಂದರೆ ರಾತ್ರಿ ಹತ್ತೂವರೆಗೆ ಮಲಗಿದರೆ ಬೆಳಗ್ಗೆ ಹಾಲಿನವನ ಗಂಟೆಗೇ ಎಚ್ಚರವಾಗುವಂಥ ನಿದ್ದೆ. ಭುಜದ ಹಿಂದೆ ಸದಾ ಬಿಗಿದುಕೊಂಡಿದ್ದದ್ದು ಸಡಿಲವಾಯಿತು. ಮಗಳಿಗೆ ಭಿನ್ನರಾಶಿ ಹೇಳಿಕೊಡುವಾಗ ಅವಳ ತಪ್ಪು ಎಲ್ಲಾಗುತ್ತಿದೆ ಅಂತ ಕಾಣತೊಡಗಿತು. ಮೊದಲು ತಪ್ಪಾಗಿದೆ ಅನ್ನುವುದಷ್ಟೇ ಕಾಣುತ್ತಿತ್ತು. ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿಯುವುದನ್ನು ಮೂವರೂ ಕೂತು ನೋಡಿದೆವು, ಮುಗಿದ ಮೇಲೆ ಟಿವಿ ಆರಿಸಿ ಊಟಕ್ಕೆ ಕೂತೆವು. ಇಂಥದ್ದೊಂದು ಸಂಜೆ ನಮ್ಮ ಮನೆಯಲ್ಲಿ ಎಷ್ಟೋ ವರ್ಷದಿಂದ ಆಗಿರಲಿಲ್ಲ. ಬಿಡುವು ತೆಗೆದುಕೊಂಡದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಹೇಳುವುದು ಬೇರೆ ಥರ ಇದೆ.

ಸುದ್ದಿಯನ್ನು ನಾನು ಬಿಟ್ಟರೂ ಅದು ಮನೆಗೆ ಬರುವುದನ್ನು ಬಿಡಲಿಲ್ಲ. ಜೂನ್ ಕೊನೆಯಲ್ಲಿ ಅಮ್ಮ ಹೇಳದೆ ಕೇಳದೆ ಬಂದಳು, ಒಬ್ಬಳೇ. ತಿಪಟೂರಿನಿಂದ ಬೆಂಗಳೂರಿಗೆ ಅವಳು ಒಬ್ಬಳೇ ಬಂದದ್ದು ಅದೇ ಮೊದಲು. ಚೀಲದಿಂದ ಹುಣಸೆಹಣ್ಣು, ರಾಗಿಹಿಟ್ಟು ತೆಗೆದಿಟ್ಟು ಕೊನೆಗೆ ಸೆರಗಿನ ಗಂಟು ಬಿಚ್ಚಿ ಒಂದು ಟಿಕೆಟ್ ತೋರಿಸಿದಳು. "ನೋಡು, ಸೊನ್ನೆ ರೂಪಾಯಿ." ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ ಅಂತ, ಶಕ್ತಿ ಅಂತ ಅದರ ಹೆಸರು ಅಂತ ನನಗೆ ಹೇಳಿದ್ದು ಅಮ್ಮ. ಆ ಟಿಕೆಟ್ಟನ್ನು ಅವಳು ಎಸೆಯಲಿಲ್ಲ, ಮಡಿಸಿ ಮತ್ತೆ ಗಂಟಿಗೇ ಕಟ್ಟಿಕೊಂಡಳು. ಆಮೇಲೆ ಗೃಹಲಕ್ಷ್ಮಿಯ 2,000 ರೂಪಾಯಿಗೆ ಪಕ್ಕದ ಮನೆಯ ಹುಡುಗಿಯ ಕೈಲಿ ಅರ್ಜಿ ಹಾಕಿಸಿಕೊಂಡದ್ದನ್ನೂ, ದುಡ್ಡು ಬಂದದ್ದನ್ನೂ ಅವಳೇ ಫೋನಿನಲ್ಲಿ ಹೇಳಿದಳು. ನಾನು "ಒಳ್ಳೇದಾಯ್ತು ಬಿಡಮ್ಮ" ಅಂದೆ. ಮೊದಲಾಗಿದ್ದರೆ ಅದು ಒಳ್ಳೆಯದೋ ಕೆಟ್ಟದ್ದೋ ಅಂತ ಅರ್ಧ ಗಂಟೆ ಭಾಷಣ ಮಾಡುತ್ತಿದ್ದೆ. ಅವಳ ಕೈಗೆ ಬಂದ ದುಡ್ಡು ಎಷ್ಟು, ಅದರಿಂದ ಅವಳು ಏನು ತಂದಳು ಅಂತ ಕೇಳುತ್ತಿರಲಿಲ್ಲ. ಆವತ್ತು ಕೇಳಿದೆ. ಬಿ.ಪಿ ಮಾತ್ರೆ ಮತ್ತು ಒಂದು ಕಂಬಳಿ.

ಸೆಪ್ಟೆಂಬರ್ 26ಕ್ಕೆ ಇನ್ನೊಂದು. ಬೆಳಗ್ಗೆ ಡಬ್ಬಿ ಹಿಡಿದು ಬಸ್ ಸ್ಟಾಪಿಗೆ ಬಂದರೆ ರಸ್ತೆಯ ತುಂಬ ಶಟರ್ ಎಳೆದಿತ್ತು. ಹೂವು ಮಾರುವ ಅಜ್ಜಿ ಒಬ್ಬರೇ ಬುಟ್ಟಿ ಮುಂದೆ ಕೂತಿದ್ದರು. "ಬೆಂಗಳೂರ್ ಬಂದ್ ಅಲ್ವೇನಪ್ಪ, ಕಾವೇರಿಗೆ" ಅಂದರು. ನಮ್ಮ ಮನೆಯ ನಲ್ಲಿಯಲ್ಲಿ ಬರುವುದು ಕಾವೇರಿ ನೀರು. ತಮಿಳುನಾಡಿಗೆ ನೀರು ಬಿಡುವ ಆದೇಶ, ಕೆಆರ್‌ಎಸ್‌ನಲ್ಲಿ ಇರುವ ನೀರು, ಮಳೆ ಕೈಕೊಟ್ಟದ್ದು, ಯಾವುದೂ ನನಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತು. ನಾಚಿಕೆಯಾಯಿತು. ಆದರೂ ಆ ಸಂಜೆ ಮತ್ತೆ ಆ್ಯಪ್ ಹಾಕಿಕೊಳ್ಳಲಿಲ್ಲ. ಮನಸ್ಸು ನೆಮ್ಮದಿಯಾಗಿತ್ತು, ಕೆಡಿಸಿಕೊಳ್ಳುವುದು ಬೇಡ ಅನ್ನಿಸಿತು.

ಈಗ ಕೊಬ್ಬರಿಯ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಕಡೆ ಮಾಡುವುದು ಉಂಡೆ ಕೊಬ್ಬರಿ. ಬಲಿತ ಕಾಯನ್ನು ಸುಲಿಯದೆ ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಅಲ್ಲೇ ಇರುತ್ತದೆ. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಗಿಟುಕಾಗುತ್ತದೆ. ಬಿಸಿಲಿಗೆ ಹಾಕುವಂತಿಲ್ಲ, ಆತುರ ಮಾಡುವಂತಿಲ್ಲ. ಅಪ್ಪ ಅಟ್ಟ ಹತ್ತಿ ಒಂದೊಂದೇ ಕಾಯಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ನೀರಿನ ಸದ್ದು ಬಂದರೆ ಹಿಂದಕ್ಕೆ, ಗಟ್ಟಿಯಾಗಿ ಗುಡುಗುಡು ಅಂದರೆ ಕೆಳಕ್ಕೆ. ನಾನು ಎಷ್ಟು ಸಲ ಮಾಡಿದರೂ ನನಗೆ ಆ ವ್ಯತ್ಯಾಸ ಗೊತ್ತಾಗಿಲ್ಲ.

2021ರ ಸುಮಾರಿಗೆ ಕ್ವಿಂಟಲ್‌ಗೆ ಹದಿನೇಳು ಸಾವಿರ ಕಂಡಿದ್ದ ಕೊಬ್ಬರಿ, ನಾನು ಸುದ್ದಿ ಬಿಟ್ಟಿದ್ದ 2023ರಲ್ಲಿ ಎಂಟು ಸಾವಿರದ ಆಸುಪಾಸಿಗೆ ಬಿದ್ದಿತ್ತು. ತಿಪಟೂರಿನಲ್ಲಿ ರೈತರು ಧರಣಿ ಕೂತಿದ್ದರು. ವಿಧಾನಸಭೆಯಲ್ಲಿ ಅದರ ಮೇಲೆ ಮಾತಾಗಿತ್ತು. ಕೇಂದ್ರದ ಬೆಂಬಲ ಬೆಲೆ 11,750 ರೂಪಾಯಿ ಇತ್ತು, ಅದರ ಮೇಲೆ ರಾಜ್ಯ 1,250 ಸೇರಿಸಿತ್ತು. ಅಪ್ಪ ಫೋನಿನಲ್ಲಿ "ಧಾರಣೆ ಬಿದ್ದೋಗದೆ" ಅಂತ ಎರಡು ಮೂರು ಸಲ ಹೇಳಿದ್ದ. ನಾನು "ಏಳುತ್ತೆ ಬಿಡಪ್ಪ" ಅಂದಿದ್ದೆ. ಧಾರಣೆ ಯಾಕೆ ಬಿತ್ತು, ಯಾರು ಎತ್ತಬೇಕು ಅನ್ನುವುದೂ ರಾಜಕೀಯವೇ ಅಂತ ಆಗ ನನ್ನ ತಲೆಗೆ ಬರಲಿಲ್ಲ. ನನಗೆ ರಾಜಕೀಯ ಅಂದರೆ ಯಾರು ಮುಖ್ಯಮಂತ್ರಿ, ಯಾರು ಯಾರನ್ನು ಕೆಡವಿದರು, ಯಾರು ಯಾರಿಗೆ ಏನಂದರು ಅನ್ನುವುದಾಗಿತ್ತು. ಅದನ್ನಷ್ಟೇ ಬಿಟ್ಟಿದ್ದೇನೆ ಅಂದುಕೊಂಡಿದ್ದೆ.

2024ರ ಫೆಬ್ರವರಿಯ ಒಂದು ಭಾನುವಾರ ಊರಿಗೆ ಹೋದೆ. ಅಪ್ಪ ಅಟ್ಟದ ಕೆಳಗೆ ಚೀಲದ ಮೇಲೆ ಕೂತಿದ್ದ. ಪಕ್ಕದ ತೋಟದವರು ಬಂದು "ನೀವು ನಾಫೆಡ್‌ಗೆ ಬರೆಸಿದ್ರಾ?" ಅಂತ ಕೇಳಿದರು. ಅಪ್ಪ ನನ್ನ ಮುಖ ನೋಡಿದ. ನಾಫೆಡ್ ಅಂದರೆ ಕೇಂದ್ರದ ಪರವಾಗಿ ಬೆಂಬಲ ಬೆಲೆಗೆ ಕೊಬ್ಬರಿ ಕೊಳ್ಳುವ ಸಹಕಾರ ಸಂಸ್ಥೆ. ಅದಕ್ಕೆ ಕೊಡುವವರು ಮೊದಲು ಹೆಸರು ನೋಂದಾಯಿಸಬೇಕು. ಆ ವರ್ಷದ ನೋಂದಣಿ ಶುರುವಾಗಿ, ಜನ ರಾತ್ರಿಯೆಲ್ಲ ಸಾಲಿನಲ್ಲಿ ಮಲಗಿ, ಕೆಲವೇ ದಿನಕ್ಕೆ ಮುಗಿದೂ ಹೋಗಿತ್ತು.

"ನಿಂಗೇ ಗೊತ್ತಿರುತ್ತೆ, ಫೋನ್ ಮಾಡ್ತೀಯ ಅಂದ್ಕೊಂಡಿದ್ದೆ ಕಣಪ್ಪ" ಅಂದ ಅಪ್ಪ.

ಆಫೀಸಿನವರಿಗೆ ಹೇಳಿದ್ದೆ, ಹೆಂಡತಿಗೆ ಹೇಳಿದ್ದೆ, ಕೇಬಲ್‌ನವನಿಗೂ ಹೇಳಿದ್ದೆ. ಸುದ್ದಿ ಬಿಟ್ಟಿದ್ದೇನೆ ಅಂತ ಅಪ್ಪನಿಗೆ ಮಾತ್ರ ಹೇಳಿರಲಿಲ್ಲ. ಒಂಬತ್ತು ತಿಂಗಳು ಆತ ನನ್ನ ಫೋನಿನಲ್ಲಿ ಸುದ್ದಿ ಬರಲಿಲ್ಲ ಅಂದರೆ ಲೋಕದಲ್ಲಿ ಅಂಥದ್ದೇನೂ ಆಗಿಲ್ಲ ಅಂದುಕೊಂಡು ಕೂತಿದ್ದ. ಅಟ್ಟದ ಮೇಲಿನ ಆ ಕಾಯಿ ಏರಿದ್ದೂ ನಾನು ಟಿವಿ ಆರಿಸಿದ ಅದೇ ಮೇ ತಿಂಗಳಿನಲ್ಲಿ.

ಆ ರಾತ್ರಿ ಬೆಂಗಳೂರಿಗೆ ವಾಪಸ್ ಬಂದು ಫೋನು ತೆಗೆದೆ. ಭಯವಿತ್ತು. ಒಂದು ತುತ್ತಿಗೆ ಮತ್ತೆ ಪೂರ್ತಿ ಮುಳುಗುತ್ತೇನೆ ಅನ್ನುವ ಭಯ. ಹಾಗಾಗಿ ಆ್ಯಪ್ ಹಾಕಲಿಲ್ಲ. ಮಾರನೆಯ ದಿನ ಬೆಳಗ್ಗೆ ನಡೆದು ಹೋಗಿ ಒಂದು ಪೇಪರ್ ತಂದೆ, ಮತ್ತೆ ಒಂದು ವಾರ ತುಮಕೂರು ಕಡೆಯ ಪುಟ ಬರುವ ಪೇಪರನ್ನು ಊರಿಂದ ಬರುವ ಹುಡುಗನ ಕೈಲಿ ತರಿಸಿಕೊಂಡೆ. ಮೊದಲ ಪುಟ ಬಿಟ್ಟು ಜಿಲ್ಲೆಯ ಪುಟದಿಂದ ಶುರು ಮಾಡಿದೆ. ಕೊಬ್ಬರಿ ಅನ್ನುವ ಪದ ಇರುವುದನ್ನು ಮಾತ್ರ ಓದುವುದು, ಅದು ಎಲ್ಲಿಗೆ ಕರೆದುಕೊಂಡು ಹೋಗುತ್ತದೋ ಅಲ್ಲಿಗೆ ಹೋಗುವುದು ಅಂತ ಗೊತ್ತು ಮಾಡಿಕೊಂಡೆ.

ಅದು ನನ್ನನ್ನು ಬಹಳ ದೂರ ಕರೆದುಕೊಂಡು ಹೋಯಿತು. ಕೇಂದ್ರ ಸರ್ಕಾರ ಬೆಂಬಲ ಬೆಲೆ ಗೊತ್ತು ಮಾಡುವ ಬೆಳೆಗಳು 22, ಅದರಲ್ಲಿ ಕೊಬ್ಬರಿಯೂ ಒಂದು. ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಶಿಫಾರಸು ಮಾಡುತ್ತದೆ, ಸಂಪುಟದ ಆರ್ಥಿಕ ವ್ಯವಹಾರಗಳ ಸಮಿತಿ ಒಪ್ಪುತ್ತದೆ. ಎಣ್ಣೆಗೆ ಹೋಗುವ ಕೊಬ್ಬರಿಗೆ ಒಂದು ಬೆಲೆ, ಉಂಡೆ ಕೊಬ್ಬರಿಗೆ ಇನ್ನೊಂದು. 2024ರ ಹಂಗಾಮಿಗೆ ಎಣ್ಣೆ ಕೊಬ್ಬರಿಗೆ 11,160, ಉಂಡೆಗೆ 12,000 ಅಂತ 2023ರ ಡಿಸೆಂಬರ್ 27ರಂದೇ ಘೋಷಣೆಯಾಗಿತ್ತು. ಉಂಡೆ ಕೊಬ್ಬರಿಗೆ ರಾಜ್ಯದ್ದು ಮೇಲೆ 1,500. ಒಟ್ಟು 13,500. ನಮ್ಮ ರಾಜ್ಯದಿಂದ ಕೊಳ್ಳಲು ಒಪ್ಪಿದ್ದು 62,500 ಟನ್ ಉಂಡೆ ಕೊಬ್ಬರಿ. ಅಷ್ಟು ತುಂಬಿದರೆ ಬಾಗಿಲು ಹಾಕುತ್ತಾರೆ, ಅದಕ್ಕೇ ಜನ ರಾತ್ರಿಯೆಲ್ಲ ಸಾಲಿನಲ್ಲಿ ಮಲಗುವುದು.

ಇದನ್ನೆಲ್ಲ ಓದುತ್ತಾ ನನಗೆ ಕುಸಿದ ಹಾಗಾದದ್ದು ಬೇರೆ ಕಾರಣಕ್ಕೆ. ಸುದ್ದಿ ಬಿಟ್ಟ ಒಂಬತ್ತು ತಿಂಗಳಲ್ಲಿ ಇದು ನನಗೆ ಗೊತ್ತಾಗಲಿಲ್ಲ, ಸರಿ. ಅದಕ್ಕೂ ಮುಂಚೆ ದಿನಕ್ಕೆ ಎರಡು ಗಂಟೆ ಸುದ್ದಿ ನೋಡಿದ ಐದು ವರ್ಷದಲ್ಲೂ ಗೊತ್ತಿರಲಿಲ್ಲವಲ್ಲ! 17 ಶಾಸಕರ ಕ್ಷೇತ್ರ ಹೇಳುತ್ತಿದ್ದ ನನಗೆ ಅಪ್ಪನ ಬೆಳೆಯ ಬೆಲೆಯನ್ನು ಯಾವ ಸಮಿತಿ ಗೊತ್ತು ಮಾಡುತ್ತದೆ ಅಂತ ಗೊತ್ತಿರಲಿಲ್ಲ. ಅಪ್ಪ ಜಗುಲಿ ಮೇಲೆ ಕೂತು ಕೇಳುತ್ತಿದ್ದ ಪ್ರಶ್ನೆಗೆ ನಾನು ಒಂದು ದಿನವೂ ಉತ್ತರ ಹುಡುಕಿರಲಿಲ್ಲ.

ಫೆಬ್ರವರಿ ಕೊನೆಯ ವಾರ ಇರಬೇಕು, ರಾತ್ರಿ ಒಂಬತ್ತಕ್ಕೆ ಫೋನು. ಪರದೆ ಮೇಲೆ ಭಾವನ ಹೆಸರು. ಒಂಬತ್ತು ತಿಂಗಳಿಗೆ ಮೊದಲ ಸಲ. ಎದ್ದು ನಿಂತು ತೆಗೆದೆ.

"ನೋಂದಣಿ ರದ್ದಾಗಿದೆ, ನೋಡ್ದಾ? ಹೊಸದಾಗಿ ಮಾಡ್ತಾರಂತೆ. ಮಾವಂಗೆ ಈ ಸಲ ತಪ್ಪಿಸಬೇಡ."

ಮೊದಲ ಸುತ್ತಿನ ನೋಂದಣಿಯಲ್ಲಿ ಅಕ್ರಮವಾಗಿದೆ ಅಂತ ದೂರು ಬಂದು, ಅದನ್ನು ಬದಿಗಿಟ್ಟು ಮಾರ್ಚ್ ಮೊದಲ ವಾರದಲ್ಲಿ ಮತ್ತೆ ಶುರು ಮಾಡುವವರಿದ್ದರು. ನಾನು ಅದನ್ನು ಅವತ್ತು ಬೆಳಗ್ಗೆಯೇ ಪೇಪರಿನ ಒಂದು ಸಣ್ಣ ಕಾಲಮ್ಮಿನಲ್ಲಿ ಓದಿದ್ದೆ, ಅಪ್ಪನಿಗೂ ಹೇಳಿದ್ದೆ. ಆದರೆ ಭಾವನಿಗೆ "ಗೊತ್ತು" ಅನ್ನಲಿಲ್ಲ. "ಆಗ್ಲಿ ಭಾವ" ಅಂದೆ. ಆಮೇಲೆ "ಭಾವ, ಅವತ್ತು ನಾನು..." ಅಂತ ಶುರು ಮಾಡಿದೆ. "ಎಫ್‌ಐಡಿ ಸರಿಯಾಗಿದೆಯಾ ನೋಡ್ಕೋ. ಹೆಸರಲ್ಲಿ ಅಪ್ಪನ ಹೆಸರು ಮುಂದೆ ಹಿಂದೆ ಆಗಿದ್ರೆ ತಗೊಳಲ್ಲ" ಅಂದು ಇಟ್ಟುಬಿಟ್ಟರು.

ಆಗಿತ್ತು. ಪಹಣಿಯಲ್ಲಿ ಅಪ್ಪನ ಹೆಸರಿನ ಹಿಂದೆ ಅಜ್ಜನ ಹೆಸರು ಪೂರ್ತಿ ಇದೆ, ಆಧಾರ್‌ನಲ್ಲಿ ಒಂದೇ ಅಕ್ಷರ. ಎಫ್‌ಐಡಿ ಅನ್ನುವ ರೈತರ ಗುರುತಿನ ಸಂಖ್ಯೆ ಕೊಡುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ಇನ್ನೊಂದು ಥರ. ಎರಡು ದಿನ ರಜೆ ಹಾಕಿ, ರೈತ ಸಂಪರ್ಕ ಕೇಂದ್ರ, ಬ್ಯಾಂಕು ಅಂತ ಅಲೆದು ಅದನ್ನು ಸರಿ ಮಾಡಿಸಿದೆ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಹಳ್ಳಿಯಲ್ಲಿ ಜಮೀನು ಇರುವ ಎಲ್ಲರಿಗೂ ಅದು ಗೊತ್ತು.

ನೋಂದಣಿಯ ದಿನ ಬೆಳಗಿನ ಜಾವ ಮೂರೂವರೆಗೆ ಅಪ್ಪನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೊರಟೆ. ಮಫ್ಲರ್ ಸುತ್ತಿಕೊಂಡು, ಕಾಗದದ ಪ್ಲಾಸ್ಟಿಕ್ ಕವರನ್ನು ಅಂಗಿಯ ಒಳಗೆ ಸೇರಿಸಿಕೊಂಡಿದ್ದ. ನಾವು ಹೋಗುವ ಹೊತ್ತಿಗೆ ಮುಂದೆ ಎಪ್ಪತ್ತು ಎಂಬತ್ತು ಜನ. ಕೆಲವರು ರಾತ್ರಿಯೇ ಬಂದು ಚಪ್ಪಲಿ, ಕಲ್ಲು, ಟವೆಲ್ ಇಟ್ಟು ಸಾಲು ಹಿಡಿದಿದ್ದರು. ಸಾಲಿನ ನಡುವೆ ಕಂಬಳಿ ಹೊದ್ದು ಕೂತಿದ್ದ ಒಬ್ಬರು ಎದ್ದು "ಮಾವ, ಇಲ್ಲಿ ಬನ್ನಿ" ಅಂದರು. ಭಾವ. ತಮ್ಮದು ಅರಸೀಕೆರೆಯ ಕೇಂದ್ರದಲ್ಲಿ ಆಗಬೇಕಿತ್ತು. ಅಲ್ಲಿಗೆ ಅಕ್ಕನ ಮಗನನ್ನು ಕಳಿಸಿ, ತಾವು ಹಿಂದಿನ ರಾತ್ರಿಯೇ ಇಲ್ಲಿಗೆ ಬಂದು ಅಪ್ಪನ ಹೆಸರಿನಲ್ಲಿ ಜಾಗ ಹಿಡಿದಿದ್ದರು.

ಬೆಳಕು ಹರಿಯುವವರೆಗೆ ಆ ಸಾಲಿನಲ್ಲಿ ನಡೆದದ್ದು ಪೂರ್ತಿ ರಾಜಕೀಯ. ಕೇಂದ್ರದ್ದು 12,000, ಇನ್ನೂ ಜಾಸ್ತಿ ಮಾಡಬಹುದಿತ್ತು ಅಂತ ಒಬ್ಬರು. ರಾಜ್ಯದ್ದು ಬರೀ 1,500, ಅದೂ ಯಾವಾಗ ಕೈಗೆ ಬರುತ್ತೋ ಅಂತ ಇನ್ನೊಬ್ಬರು. ಹೊರದೇಶದಿಂದ ತಾಳೆ ಎಣ್ಣೆ ತರಿಸಿದರೆ ನಮ್ಮ ಕಾಯಿ ಯಾರು ಕೇಳ್ತಾರೆ ಅಂತ ಒಬ್ಬ ಅಜ್ಜ. ಪಹಣಿ ಮಗನ ಹೆಸರಿಗಾಗದೆ ಅವನು ಬಂದರೂ ಬರೆಸಿಕೊಳ್ಳಲ್ಲ ಅಂತ ಒಬ್ಬ ಹೆಂಗಸು. ಭಾವ ತಮ್ಮ ಪಕ್ಷದ ಪರ ಮಾತಾಡಿದರು, ನಾನು ನನ್ನದನ್ನು ಹೇಳಿದೆ, ಇಬ್ಬರ ದನಿಯೂ ಒಂದೆರಡು ಸಲ ಏರಿತು. ಆದರೆ ಈ ಸಲ ನಮ್ಮಿಬ್ಬರ ನಡುವೆ ಅಪ್ಪ ಪ್ಲಾಸ್ಟಿಕ್ ಕವರ್ ಹಿಡಿದು ನಿಂತಿದ್ದ. ಮಾತು ಸುತ್ತಿ ಸುತ್ತಿ ಆ ಕವರಿಗೇ ವಾಪಸ್ ಬರುತ್ತಿತ್ತು. ಆರು ಗಂಟೆಗೆ ಭಾವ ಹೋಗಿ ಮೂರು ಟೀ ತಂದರು. ನನ್ನದಕ್ಕೆ ಸಕ್ಕರೆ ಕಮ್ಮಿ ಹಾಕಿಸಿದ್ದರು, ನಾನು ಕಾಲೇಜಿನಲ್ಲಿದ್ದಾಗ ಕುಡಿಯುತ್ತಿದ್ದ ಹಾಗೆ. ಆಗ "ತಪ್ಪಾಯ್ತು ಭಾವ" ಅಂದೆ. "ಕುಡಿ, ಆರೋಗುತ್ತೆ" ಅಂದರು.

ಕಿಟಕಿಯ ಹತ್ತಿರ ಅಪ್ಪನ ಹೆಬ್ಬೆರಳು ಯಂತ್ರಕ್ಕೆ ಸಿಗಲಿಲ್ಲ. ನಲವತ್ತು ವರ್ಷ ಕಾಯಿ ಸುಲಿದ, ಗರಿ ಎಳೆದ ಬೆರಳು. ಗೆರೆಗಳು ಸವೆದು ನುಣ್ಣಗಾಗಿವೆ. ಒಂದು ಸಲ, ಎರಡು ಸಲ, ಐದು ಸಲ. ಹಿಂದಿನವರು ಗೊಣಗಲು ಶುರು ಮಾಡಿದರು. ಭಾವ ಟವೆಲ್ ಒದ್ದೆ ಮಾಡಿಕೊಂಡು ಬಂದು ಅಪ್ಪನ ಒಂದೊಂದೇ ಬೆರಳನ್ನು ಮಗುವಿನ ಕೈ ಒರೆಸುವ ಹಾಗೆ ಒರೆಸಿದರು. ಕೊನೆಗೆ ಎಡಗೈಯ ಉಂಗುರ ಬೆರಳಿಗೆ ಹಸಿರು ದೀಪ ಬಂತು. ಅಪ್ಪ ಆ ಬೆರಳನ್ನು ಎತ್ತಿ ಹಿಡಿದುಕೊಂಡೇ ಹೊರಗೆ ಬಂದ.

ಆ ವರ್ಷ ನಾವು ಕೊಟ್ಟದ್ದು ಒಂಬತ್ತು ಕ್ವಿಂಟಲ್. 13,500ರ ಲೆಕ್ಕಕ್ಕೆ 1,21,500 ರೂಪಾಯಿ. ಅದನ್ನೇ ಆಗ ಪೇಟೆಯಲ್ಲಿ ಮಾರಿದ್ದರೆ ನಮ್ಮ ಊರಿನವರಿಗೆ ಸಿಕ್ಕ ಒಂಬತ್ತು ಸಾವಿರದ ಲೆಕ್ಕಕ್ಕೆ 81,000. ವ್ಯತ್ಯಾಸ 40,500. ನಾನು ಈ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಮೊದಲ ಸುತ್ತು ರದ್ದಾಗದೆ ಇದ್ದಿದ್ದರೆ ನನ್ನ ಮೌನದ ಬೆಲೆ ಅಷ್ಟಾಗುತ್ತಿತ್ತು, ಅದನ್ನು ಕಟ್ಟಬೇಕಾದವನು ಅಪ್ಪ.

ಜೂನ್ 4ರಂದು ಲೋಕಸಭೆಯ ಎಣಿಕೆ. ಮೊದಲಿನ ಹಾಗಾಗುತ್ತದಾ ಅಂತ ಒಳಗೊಳಗೇ ಹೆದರಿಕೆ ಇತ್ತು. ಫೋನನ್ನು ಆಫೀಸಿನ ಡ್ರಾಯರಿನಲ್ಲಿಟ್ಟು ಕೆಲಸ ಮಾಡಿದೆ. ಮಧ್ಯಾಹ್ನ ಒಂದು ಸಲ ನೋಡಿದೆ, ಸಂಜೆ ಒಂದು ಸಲ. ರಾಜ್ಯದಲ್ಲಿ ಬಿಜೆಪಿಗೆ 17, ಕಾಂಗ್ರೆಸ್‌ಗೆ 9, ಜೆಡಿಎಸ್‌ಗೆ 2. ದೆಹಲಿಯಲ್ಲಿ ಬಿಜೆಪಿಗೆ 240, ಅವರ ಮೈತ್ರಿಕೂಟಕ್ಕೆ 293. ಎದೆ ಹೊಡೆದುಕೊಂಡಿತು, ಸುಳ್ಳು ಹೇಳುವುದಿಲ್ಲ. ಮನೆಯವರ ಗುಂಪಿನಲ್ಲಿ ಭಾವ ಏನೂ ಹಾಕಿರಲಿಲ್ಲ, ನಾನೂ ಹಾಕಲಿಲ್ಲ. ರಾತ್ರಿ ಇಬ್ಬರೂ ಫೋನಿನಲ್ಲಿ ಮುಕ್ಕಾಲು ಗಂಟೆ ಮಾತಾಡಿದೆವು. ಬರೆದು ಕಳಿಸುವುದಕ್ಕೂ ದನಿ ಕೇಳಿಸಿಕೊಂಡು ಜಗಳವಾಡುವುದಕ್ಕೂ ಬಹಳ ವ್ಯತ್ಯಾಸವಿದೆ. ದನಿಯಲ್ಲಿ ಆ ಮನುಷ್ಯ ಕೆಮ್ಮುವುದು ಕೇಳುತ್ತದೆ.

ಈಗ ಬೆಳಗ್ಗೆ ಪೇಪರಿಗೆ ಇಪ್ಪತ್ತೈದು ನಿಮಿಷ. ಜಿಲ್ಲೆ, ಆಮೇಲೆ ವಿಧಾನಸಭೆ ನಡೆಯುತ್ತಿದ್ದರೆ ಅಲ್ಲಿನ ಪ್ರಶ್ನೋತ್ತರ, ಆಮೇಲೆ ದೆಹಲಿ. ಟಿವಿ ಚರ್ಚೆ ಇಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ಖಾದ್ಯ ತೈಲದ ಮೇಲೆ ಕೇಂದ್ರ 20 ಪರ್ಸೆಂಟ್ ಸುಂಕ ಹಾಕಿದಾಗ ಅದನ್ನು ಓದಿದ ಕೂಡಲೇ ನೆನಪಾದದ್ದು ಸಾಲಿನಲ್ಲಿ ನಿಂತಿದ್ದ ಆ ಅಜ್ಜ. ಅಪ್ಪನಿಗೆ ಭಾನುವಾರ ಬೆಳಗ್ಗೆ ಫೋನು ಮಾಡಿ ಓದಿ ಹೇಳುತ್ತೇನೆ. ಏನನ್ನು ನೋಡಿಲ್ಲವೋ ಅದನ್ನೂ ಹೇಳುತ್ತೇನೆ: "ಈ ವಾರ ನಾನು ಏನೂ ನೋಡಿಲ್ಲಪ್ಪ, ಬೇರೆಯವರನ್ನ ಕೇಳು." ಅಂಥ ವಾರಗಳು ಈಗಲೂ ಬೇಕಾಗುತ್ತವೆ, ತೆಗೆದುಕೊಳ್ಳುತ್ತೇನೆ. ಹಾಗೆ ಹೇಳಿದ ವಾರ ಅಪ್ಪ ಭಾವನಿಗೆ ಫೋನು ಮಾಡುತ್ತಾನೆ.

2025ರಲ್ಲಿ ಕೊಬ್ಬರಿ ಇಪ್ಪತ್ತೈದು ಸಾವಿರ ದಾಟಿತು. ಪೇಪರಿನಲ್ಲಿ ದಾಖಲೆ ಬೆಲೆ ಅಂತ ದೊಡ್ಡದಾಗಿ ಬಂದಿತ್ತು. ಅವತ್ತೇ ಫೋನು ಮಾಡಿದೆ. 2023ರ ಬರದಲ್ಲಿ ನೀರು ಕಾಣದ ಮರಗಳು ಇನ್ನೂ ಸುಧಾರಿಸಿಕೊಂಡಿರಲಿಲ್ಲ, ಕಾಯಿಗೆ ನುಸಿ ಬೇರೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223ಕ್ಕೆ ಬರ ಅಂತ ಸರ್ಕಾರ ಹೇಳಿದ ವರ್ಷ ಅದು, ಅದೂ ನನಗೆ ತಡವಾಗಿ ಗೊತ್ತಾದ ಸುದ್ದಿ. ಅಟ್ಟದಲ್ಲಿ ಎಷ್ಟಿದೆ ಅಂತ ಕೇಳಿದೆ. ಅಪ್ಪ ಫೋನು ಹಿಡಿದುಕೊಂಡೇ ಏಣಿ ಹತ್ತಿದ. ಏಣಿಯ ಕಿರ್ ಕಿರ್ ಸದ್ದು, ಉಸಿರಿನ ಸದ್ದು. ಆಮೇಲೆ ಒಂದು ಕಾಯಿಯನ್ನು ಫೋನಿನ ಹತ್ತಿರ ಹಿಡಿದು ಅಲ್ಲಾಡಿಸಿ "ಏನ್ ಕೇಳ್ತು, ಹೇಳು" ಅಂದ.

"ಇನ್ನೂ ನೀರಿದೆ ಕಣಪ್ಪ" ಅಂದೆ.

"ಹೂಂ. ಹಂಗಾದ್ರೆ ಶ್ರಾವಣ ಕಳೀಲಿ" ಅಂದು ಕಾಯನ್ನು ಹಿಂದಕ್ಕೆ ಇಟ್ಟ.